ಜೆಲ್ ಪ್ಲೇಟಿನ ಮೇಲೆ ಎರವಲು ತಂದ ವಿಧಾನಗಳು

ಮುದ್ರಣಯಂತ್ರವಿಲ್ಲದೆ ಅಂಗೈಯಿಂದಲೇ ಒತ್ತಿ ಅಚ್ಚು ತೆಗೆಯಬಹುದು ಎಂಬ ಕಾರಣಕ್ಕೆ ನಾನು ಜೆಲ್ ಪ್ಲೇಟನ್ನು, ಅಂದರೆ ಬಣ್ಣ ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವ ಮೆತ್ತನೆಯ ಜೆಲ್ ಹಲಗೆಯನ್ನು, ಆರಿಸಿಕೊಂಡೆ. ಬೇರೆ ಬೇರೆ ಕಲಾವಿದರು ಬಳಸುವ ವಿಧಾನಗಳನ್ನು ಮೈಸೂರಿನ ನಮ್ಮ ಮನೆಯ ಮೇಜಿನ ಮೇಲೆ ಮಾಡಿ ನೋಡುವುದೇ ನನ್ನ ಪಾಠವಾಯಿತು. ಪ್ಲೇಟನ್ನು ನಾನೇ ಎರೆದುಕೊಂಡೆ. ಗ್ಲಿಸರಿನ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಸುಮಾರು 700 ಮಿ.ಲೀ. ದ್ರವದಲ್ಲಿ 85 ಗ್ರಾಂನಷ್ಟು ಜೆಲಟಿನ್ ಕರಗಿಸಿ, ತಟ್ಟೆಗೆ ಸುರಿದು, ಮೇಲಿನ ಗುಳ್ಳೆಗಳನ್ನು ಕಾಗದದ ಅಂಚಿನಿಂದ ಎಳೆದು ತೆಗೆದರೆ ಸಾಕು. ಗೀರು ಬಿದ್ದರೆ ಮತ್ತೆ ಕರಗಿಸಿ ಎರೆಯಬಹುದು. ಜೆಲಟಿನ್ ಪ್ರಾಣಿಜನ್ಯವಾದ್ದರಿಂದ ಆ ಪಾತ್ರೆಗೆ ಅಡುಗೆಮನೆಯಲ್ಲಿ ಜಾಗ ಸಿಗಲಿಲ್ಲವೆಂಬುದು ಬೇರೆ ಮಾತು.

ಎಲ್ಲರೂ ಆರಂಭಿಸುವುದು ಎಲೆಗಳಿಂದ. ಸೀಬೆ ಎಲೆಯ ಹಿಂಬದಿಯಲ್ಲಿ ನರಗಳು ಉಬ್ಬಿರುವುದರಿಂದ ಅದು ಒಳ್ಳೆಯ ಆಯ್ಕೆ. ಬಣ್ಣ ಹಚ್ಚಿದ ಪ್ಲೇಟಿನ ಮೇಲೆ ಅದನ್ನು ಮಗುಚಿಟ್ಟು ತೆಗೆದ ಮೊದಲ ಅಚ್ಚಿನಲ್ಲಿ ಬರಿಯ ಆಕಾರ ಬಿಳಿಯಾಗಿ ಉಳಿಯುತ್ತದೆ; ಎಲೆಯನ್ನು ಎತ್ತಿ ಎರಡನೆಯ ಕಾಗದ ಒತ್ತಿದಾಗ ನರಗಳೆಲ್ಲ ಮೂಡುತ್ತವೆ.

ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಜೆರಾಕ್ಸ್ ಚಿತ್ರವನ್ನು ವರ್ಗಾಯಿಸುವ ವಿಧಾನ. ಪ್ಲೇಟಿನ ಮೇಲೆ ರೋಲರಿನಿಂದ ತೆಳುವಾಗಿ ಉರುಳಿಸಿದ ಕಪ್ಪು ಅಕ್ರಿಲಿಕ್ ಬಣ್ಣದ ಮೇಲೆ ಜೆರಾಕ್ಸ್ ಹಾಳೆಯನ್ನು ಬೋರಲಾಗಿ ಒತ್ತಿ ಎತ್ತಿದರೆ, ಖಾಲಿ ಕಾಗದ ಬಣ್ಣವನ್ನು ಹೀರಿಕೊಂಡು ಹೋಗುತ್ತದೆ, ಟೋನರ್ (ಜೆರಾಕ್ಸಿನ ಕಪ್ಪು ಪುಡಿ) ಇರುವಲ್ಲಿ ಮಾತ್ರ ಬಣ್ಣ ಪ್ಲೇಟಿನ ಮೇಲೆಯೇ ಉಳಿಯುತ್ತದೆ. ಅದು ಒಣಗಿದ ಮೇಲೆ ತಿಳಿಬಣ್ಣದ ಇನ್ನೊಂದು ಪದರ ಉರುಳಿಸಿ ಕಾಗದ ಒತ್ತಿದಾಗ ಎರಡೂ ಒಟ್ಟಿಗೆ ಎದ್ದುಬರುತ್ತವೆ. ಚಿತ್ರ ಎರಡು ಬಾರಿ ಮಗುಚುವುದರಿಂದ ಅಕ್ಷರಗಳೂ ನೇರವಾಗಿಯೇ ಬರುತ್ತವೆ. ಇಂಕ್‌ಜೆಟ್ ಪ್ರತಿಯಿಂದ ಇದು ಸಾಧ್ಯವಿಲ್ಲ, ಏಕೆಂದರೆ ಆ ಶಾಯಿ ಕಾಗದದೊಳಕ್ಕೆ ಇಳಿದಿರುತ್ತದೆ. ಚಾಮುಂಡಿ ಬೆಟ್ಟದ ನಂದಿಯ ಚಿತ್ರವನ್ನು ನಾನು ಬಳಸಿದೆ: ಕರಿಯ ಮೈ, ಅದರ ಮೇಲೆ ಬೆಳಕು ಬಿದ್ದ ಗಂಟೆಸರ, ನಡುವಿನ ಬೂದುಛಾಯೆ ಕಡಿಮೆ.

ಮೈಸೂರಿನ ಏಪ್ರಿಲ್ ಹಗಲಿನಲ್ಲಿ ರೋಲರ್ ಕೆಳಗಿಡುವಷ್ಟರಲ್ಲಿ ಅಕ್ರಿಲಿಕ್ ಬಣ್ಣ ಬಿಗಿಯತೊಡಗುತ್ತದೆ. ಹಾಳೆ ಒತ್ತುವ ಮುನ್ನ ತಂಪು ದೇಶದವರು ಹೇಳುವ ಕಾಯುವ ಅವಧಿಯನ್ನು ನಾನು ಬಿಟ್ಟುಬಿಟ್ಟೆ. ಫ್ಯಾನ್ ಆರಿಸಿ, ಬೆಳಗಿನ ಹೊತ್ತಿನಲ್ಲಿ, ಹಾಳೆಯನ್ನು ಮೊದಲೇ ಕೈಯಲ್ಲಿ ಹಿಡಿದೇ ಬಣ್ಣ ಉರುಳಿಸುತ್ತೇನೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ದ್ರವ ಬೆರೆಸಿದರೆ ಟೋನರಿನ ಅಂಚುಗಳು ಕಲಸಿದಂತಾಗುತ್ತವೆ, ಆದ್ದರಿಂದ ಅದನ್ನು ಎಲೆಗಳಿಗಷ್ಟೇ ಮೀಸಲಿಟ್ಟಿದ್ದೇನೆ.

ಹೀಗೆ ನಯವಾದ ಫಲಕಕ್ಕೆ ಬಣ್ಣ ಹಚ್ಚಿ ಸಾಮಾನ್ಯವಾಗಿ ಒಂದೇ ಅಚ್ಚು ತೆಗೆಯುವ ಮಾನೋಟೈಪ್ ಮುದ್ರಣ 17ನೆಯ ಶತಮಾನದ ಇಟಲಿಯ ಕಲಾವಿದ ಕಾಸ್ಟಿಲಿಯೋನೆಯಷ್ಟು ಹಳೆಯದು. 19ನೆಯ ಶತಮಾನದಲ್ಲಿ ಫ್ರಾನ್ಸಿನ ಚಿತ್ರಕಾರ ದೆಗಾ ಒಂದೇ ತಗಡಿನಿಂದ ಎರಡನೆಯ, ಮಸುಕಾದ ಅಚ್ಚನ್ನೂ ತೆಗೆದು ಅದರ ಮೇಲೆ ಪೇಸ್ಟಲ್ (ಸೀಮೆಸುಣ್ಣದಂಥ ಬಣ್ಣದ ಕಡ್ಡಿ) ಬಳಿಯುತ್ತಿದ್ದ. ಅಂಥ ಮಸುಕು ಅಚ್ಚುಗಳನ್ನು ಎಸೆಯುತ್ತಿದ್ದವರಿಗೆ ಇದಕ್ಕಿಂತ ಉಪಯುಕ್ತ ಪಾಠ ಸಿಗಲಾರದು. ಆದರೆ ಅಚ್ಚಿಗೆ ನಯವಾದ ಕಾಗದ ಬೇಕು, ಪೇಸ್ಟಲ್ ನಿಲ್ಲಲು ಒರಟುತನ ಬೇಕು. ಸದ್ಯಕ್ಕೆ ದಪ್ಪ ಕಾರ್ಟ್ರಿಜ್ (ಚಿತ್ರ ಬಿಡಿಸುವ) ಹಾಳೆಯಿಂದ ಎರಡನ್ನೂ ಸಾಧಿಸುತ್ತಿದ್ದೇನೆ.