ಸರ್ವರ್ ಇಲ್ಲದೆ ವಿಯೆಟ್ನಾಮಿಗೆ ಹೋದ ನಮ್ಮ ಚೆಕ್‌ರೋಲ್ ಆ್ಯಪ್

ಚಿಕ್ಕಮಗಳೂರಿನಲ್ಲಿ ಕುಳಿತು ವಿಯೆಟ್ನಾಮಿನ ರೊಬಸ್ಟಾ ಕಾಫಿ ಬೆಳೆಗಾರರಿಗೆ ಚೆಕ್‌ರೋಲ್ (ತೋಟದ ಕೂಲಿ, ಕೊಯ್ಲಿನ ಲೆಕ್ಕದ) ಆ್ಯಪ್ ಮಾರುತ್ತೇನೆ ಎಂದಾಗ ನಗದವರೇ ಕಡಿಮೆ. ‘ಅಲ್ಲಿನ ಸರ್ಕಾರ ಕೇಳಿದ್ದನ್ನೆಲ್ಲ ಕೊಟ್ಟರೆ ಒಳಗೆ, ಇಲ್ಲವಾದರೆ ಮೂಡಿಗೆರೆಯಲ್ಲೇ ಮಾರಿಕೋ’ ಎಂದರು ಬೆಂಗಳೂರಿನ ಗೆಳೆಯರು. ಈಗ ಡಾಕ್‌ಲಾಕ್ ಪ್ರಾಂತ್ಯದ ಸುಮಾರು ನಾಲ್ಕುನೂರು ತೋಟಗಳಲ್ಲಿ ನಮ್ಮ ಆ್ಯಪ್ ಓಡುತ್ತಿದೆ. ಕೇಳಿದ್ದು ಯಾವುದನ್ನೂ ಕೊಟ್ಟಿಲ್ಲ.

ಕೊಯ್ಲಿನ ತೂಕ, ಕೂಲಿ, ಮಳೆ ಲೆಕ್ಕದಲ್ಲಿ ತಕರಾರಿರಲಿಲ್ಲ. ತೊಡಕೆಲ್ಲ ಆ್ಯಪ್‌ನೊಳಗಿನ ಬೆಳೆಗಾರರ ಚಾಟ್ ಗುಂಪಿನದು. 2019ರ ಜನವರಿ 1ರಂದು ಅಲ್ಲಿ ಜಾರಿಗೆ ಬಂದ ಸೈಬರ್ ಭದ್ರತಾ ಕಾನೂನಿನಂತೆ, ಅಧಿಕಾರಿಗಳು ಹೇಳಿದರೆ 24 ಗಂಟೆಯೊಳಗೆ ಬರಹ ತೆಗೆಯಬೇಕು, ಕೇಳಿದರೆ ಬಳಕೆದಾರರ ವಿವರ ಒಪ್ಪಿಸಬೇಕು. ನಮ್ಮ ವಿತರಕ ಕಾನೂನಿಗಿಂತ ಒಂದು ಹೆಜ್ಜೆ ಮುಂದಿದ್ದ: ನಿಷೇಧಿತ ಪದಗಳ ಪಟ್ಟಿಯನ್ನು ಮೊದಲೇ ಕೈಗಿತ್ತ.

ಪದ ಸೋಸುವ ಪ್ರಯೋಗಕ್ಕೆ ಅನುವಾದಕರೂ ಸೇರಿ ಒಂದೂವರೆ ಲಕ್ಷ ಹೋಯಿತು. ಪಟ್ಟಿ ವಾರವಾರ ಬೆಳೆಯಿತು. ಕೊನೆಗೆ ‘ಜಮೀನು’ ಎಂಬುದೂ ಸೇರಿ, ತಾಕುವಾರು ತೂಕ ಬರೆಯುವ ಪುಟವೇ ಕೆಟ್ಟು ನಿಂತಿತು. ಆಮೇಲೆ ದತ್ತಾಂಶವನ್ನು ಗೂಢಲಿಪಿಯಲ್ಲಿ ಅಲ್ಲಿನ ಸರ್ವರ್‌ನಲ್ಲಿಟ್ಟು, ಅದನ್ನು ಬಿಡಿಸುವ ಕೀಲಿ ಮಾತ್ರ ನಮ್ಮಲ್ಲಿರಲಿ ಎಂದೆ. ‘ಕೀಲಿಯೂ ಇಲ್ಲೇ ಇರಲಿ’ ಎಂದ ವಿತರಕ. 2018ರಲ್ಲಿ ಚೀನಾ ಗ್ರಾಹಕರ ಐಕ್ಲೌಡ್ ದತ್ತಾಂಶದ ಜೊತೆ ಕೀಲಿಗಳನ್ನೂ ಅಲ್ಲಿಗೇ ಸಾಗಿಸಿದ ಆಪಲ್‌ನಷ್ಟು ದೊಡ್ಡವರೇ ಮಣಿದ ಮೇಲೆ ನನ್ನ ಹಟ ಎಷ್ಟರದು? ಸರ್ವರ್ ಬಾಡಿಗೆ ಎರಡು ಲಕ್ಷದಷ್ಟು ನೀರುಪಾಲು.

‘ಗೂಗಲ್ 2006ರಲ್ಲಿ ಸೆನ್ಸಾರ್ ಒಪ್ಪಿಕೊಂಡೇ ಚೀನಾಕ್ಕೆ ಹೋಗಲಿಲ್ಲವೇ?’ ಎಂದು ಪಾಲುದಾರ ರೇಗಿದ. 2010ರಲ್ಲಿ ಅದೇ ಗೂಗಲ್ ಸೆನ್ಸಾರ್ ಬಿಟ್ಟು ಹುಡುಕಾಟವನ್ನು ಹಾಂಗ್‌ಕಾಂಗ್‌ಗೆ ತಿರುಗಿಸಿದ್ದು ಅವನಿಗೆ ನೆನಪಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಯಾಹೂ. ಅದು ಚೀನಾ ಅಧಿಕಾರಿಗಳಿಗೆ ಕೊಟ್ಟ ಮಾಹಿತಿಯ ಬಲದ ಮೇಲೆ ಅಲ್ಲಿನ ಪತ್ರಕರ್ತ ಶಿ ತಾವೊಗೆ 2005ರಲ್ಲಿ ಹತ್ತು ವರ್ಷ ಜೈಲಾಯಿತು, ಒಂದು ಇಮೇಲ್‌ಗಾಗಿ. ನಮ್ಮ ಗುಂಪಿನಲ್ಲಿ ಬೆಲೆ ಕುಸಿತಕ್ಕೆ ಬೈದವನ ನಂಬರ್ ನನ್ನ ಕೈಯಿಂದ ಹೋಗಬಾರದು, ಅಷ್ಟೇ.

ದಾರಿ ಸಿಕ್ಕಿದ್ದು ನಮ್ಮದೇ ಹಳೆಯ ಸರಕಿನಲ್ಲಿ. ಕೊಟ್ಟಿಗೆಹಾರದ ಕಡೆ ಸಿಗ್ನಲ್ ಇಲ್ಲದ ತೋಟಗಳಿಗೆಂದು ಮಾಡಿದ್ದ ಆವೃತ್ತಿಯಲ್ಲಿ ಎಲ್ಲವೂ ಮೊಬೈಲ್‌ನಲ್ಲೇ ಉಳಿಯುತ್ತದೆ. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಕ್ಯೂಆರ್ ತೋರಿಸುತ್ತಾನೆ, ಮಾಲೀಕ ಸ್ಕ್ಯಾನ್ ಮಾಡಿಕೊಳ್ಳುತ್ತಾನೆ. ಚಾಟ್ ತೆಗೆದು ಅದನ್ನೇ ಕಳುಹಿಸಿದೆ. ನಮ್ಮ ಬಳಿ ಹೆಸರೂ ಇಲ್ಲ, ನಂಬರೂ ಇಲ್ಲ. ಬಂದು ಕೇಳಿದರೂ ಕೊಡಲು ಏನೂ ಇಲ್ಲ. ಒಂದು ವಾರದ ಕೂಲಿ ಲೆಕ್ಕವನ್ನು ಒಂದೇ ಕ್ಯೂಆರ್‌ಗೆ ಹೇಗೆ ತುರುಕಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಚಾಟ್ ಇಲ್ಲದ್ದಕ್ಕೆ ದರ ಮೂರನೇ ಒಂದು ಭಾಗ ಇಳಿಸಬೇಕಾಯಿತು. ಸರ್ವರ್ ಖರ್ಚೇ ಇಲ್ಲವಾದ್ದರಿಂದ ಕಳೆದ ಕೊಯ್ಲಿಗೆ ಹಾಕಿದ ಹಣ ಹೆಚ್ಚುಕಡಿಮೆ ಹಿಂದಿರುಗಿತು.

ಈಗ ಚೀನಾದ ಯುನ್ನಾನ್‌ನಿಂದ ಒಬ್ಬ ಕಾಫಿ ವ್ಯಾಪಾರಿ ಕೇಳುತ್ತಿದ್ದಾನೆ. ಚಾಟ್ ಸಮೇತ ಕೊಟ್ಟರೆ ದುಪ್ಪಟ್ಟು ಕೊಡುತ್ತಾನಂತೆ. ಚಾಟ್ ಇಲ್ಲದ್ದರ ದರಪಟ್ಟಿ ಕಳುಹಿಸಿದ್ದೇನೆ.