ರೂಪಕದ ದರ್ಬಾರಿ ಚಿತ್ರವನ್ನು ಓದುವ ಕ್ರಮ: ಜಹಾಂಗೀರನ ಬಾಣ, ಮಲಿಕ್ ಅಂಬರನ ತಲೆ

ಅಭ್ಯಾಸಕ್ಕೆ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ ಚಿತ್ರವನ್ನೇ ತೆಗೆದುಕೊಳ್ಳಿ. ಸುಮಾರು 1616ರಲ್ಲಿ ಮೊಘಲ್ ಆಸ್ಥಾನದ ಕಲಾವಿದ ಅಬುಲ್ ಹಸನ್ ಬರೆದದ್ದು. ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾದಶಹ ಜಹಾಂಗೀರ್ ಬಾಣ ಹೂಡಿದ್ದಾನೆ. ಅಂಬರ್ ದಖ್ಖನಿನ ಅಹಮದ್‌ನಗರ ರಾಜ್ಯದ ಆಡಳಿತ ಹಿಡಿದು ಮೊಘಲರನ್ನು ಎದುರಿಸಿದವನು.

ಮೊದಲು ಚಿತ್ರವನ್ನು ಬದಿಗಿಟ್ಟು ಯುದ್ಧದ ತಾರೀಖುಗಳನ್ನು ಬರೆದುಕೊಳ್ಳಿ. 1616ರಲ್ಲಿ ಮೊಘಲರು ಅಂಬರನನ್ನು ಸೋಲಿಸಿ ಅವನ ಖಿಡ್ಕಿ ಪಟ್ಟಣವನ್ನು ಹಾಳುಗೆಡವಿದರು. 1624ರಲ್ಲಿ ಭಾತವಡಿಯಲ್ಲಿ ಅವನು ಮೊಘಲರನ್ನೂ ಅವರ ಜೊತೆಗಿದ್ದ ಬಿಜಾಪುರದ ಸೇನೆಯನ್ನೂ ಬಗ್ಗುಬಡಿದ. 1626ರಲ್ಲಿ, ಯಾರ ಸೆರೆಗೂ ಸಿಗದೆ, ಮುಪ್ಪಿನಲ್ಲಿ ತೀರಿಕೊಂಡ. ಆ ತಲೆಯನ್ನು ಯಾರೂ ಕಡಿಯಲೇ ಇಲ್ಲ. ಈ ಹೆಜ್ಜೆ ಬಿಟ್ಟವರು ಚಿತ್ರವನ್ನು ನಡೆದ ಘಟನೆಯ ದಾಖಲೆ ಎಂದುಕೊಂಡು ಎಡವುತ್ತಾರೆ.

ಈಗ ಕೆಳಗಿನಿಂದ ಮೇಲಕ್ಕೆ ನೋಡಿ. ಮೀನಿನ ಮೇಲೆ ಎತ್ತು, ಎತ್ತಿನ ಮೇಲೆ ಭೂಗೋಳ, ಅದರ ಮೇಲೆ ಅರಸ: ಇಸ್ಲಾಮೀ ವಿಶ್ವಕಲ್ಪನೆಯಲ್ಲಿ ಭೂಮಿಯನ್ನು ಹೊತ್ತಿರುವುದು ಈ ಎತ್ತು, ಈ ಮೀನು. ತಕ್ಕಡಿಯನ್ನು ತಪ್ಪಿಸಬೇಡಿ. ಕೊಲೆಯನ್ನು ನ್ಯಾಯತೀರ್ಪಾಗಿ ತೋರಿಸುವ ಕೆಲಸ ಅದರದ್ದೇ. ತಲೆಯ ಬಳಿ ಗೂಬೆಗಳಿವೆ. ಯುರೋಪಿನ ಚಿತ್ರಗಳ ರೂಢಿಯಂತೆ ಇವನ್ನು ಜ್ಞಾನದ ಗುರುತು ಎಂದು ಓದಿದರೆ ಅರ್ಥ ತಲೆಕೆಳಗಾಗುತ್ತದೆ. ಫಾರಸಿ ಕಾವ್ಯದಲ್ಲಿ ಗೂಬೆ ಪಾಳುಬಿದ್ದ ಜಾಗದ ಹಕ್ಕಿ, ನಮ್ಮಲ್ಲಿಯಂತೆಯೇ ಅಪಶಕುನ. ಮೋಡದಲ್ಲಿ ಆಯುಧ ನೀಡುವ ರೆಕ್ಕೆಯ ಮಕ್ಕಳು ಮಾತ್ರ ಯುರೋಪಿನ ಮುದ್ರಿತ ಚಿತ್ರಗಳಿಂದ ಬಂದವರು. ಇಲ್ಲಿ ಅವರು ಸಾರುವುದು ಕ್ರೈಸ್ತ ಧರ್ಮವನ್ನಲ್ಲ, ಬಾದಶಹನಿಗೆ ಸ್ವರ್ಗದ ಒಪ್ಪಿಗೆಯನ್ನು.

ಬಳಿಕ ಚಿತ್ರದ ಮೇಲಿರುವ ಫಾರಸಿ ಬರಹ. ಅಕ್ಷರ ತೀರಾ ಸಣ್ಣದು, ಹೆಚ್ಚು ರೆಸಲ್ಯೂಶನ್ನಿನ ಪ್ರತಿಯನ್ನು ದೊಡ್ಡ ಪರದೆಯಲ್ಲಿ ಹಿಗ್ಗಿಸಿ, ಅನುವಾದದ ಜೊತೆಗಿಟ್ಟು ನೋಡಿ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತ ಹಿಡಿದ ಅಂಬರನ ಮೈಬಣ್ಣವನ್ನು ರಾತ್ರಿಗೆ ಹೋಲಿಸಿ ಹೀಯಾಳಿಸುವ ಸಾಲು ಅಲ್ಲಿದೆ. ಇದನ್ನು ಬರೀ ಕಾವ್ಯಾಲಂಕಾರವೆಂದು ದಾಟಿಸುವುದು ತಪ್ಪು. ಪ್ರಚಾರದ ವಿಷ ಇರುವುದೇ ಅಲ್ಲಿ.

ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಎತ್ತರ ಸುಮಾರು 25 ಸೆಂ.ಮೀ., ಕೈಯಲ್ಲಿ ಹಿಡಿದು ನೋಡುವ ಹಾಳೆ. ಇದನ್ನು ಕಂಡವರು ಅರಸ ಮತ್ತು ಅವನ ಆಪ್ತವಲಯ, ಬೀದಿಯ ಜನರಲ್ಲ.

ಕ್ರಮ ಕೈಹತ್ತಿತೇ ಎಂದು ನೋಡಲು ಅದೇ ಕಲಾವಿದನ ಇನ್ನೊಂದು ಚಿತ್ರಕ್ಕೆ ಹೋಗಿ: ಸುಮಾರು 1618ರದು, ವಾಷಿಂಗ್ಟನ್‌ನ ಫ್ರೀರ್ ಗ್ಯಾಲರಿಯಲ್ಲಿದೆ. ಸಿಂಹದ ಮೇಲೆ ನಿಂತ ಜಹಾಂಗೀರ್ ಕುರಿಯ ಮೇಲೆ ನಿಂತ ಇರಾನಿನ ಷಾ ಅಬ್ಬಾಸನನ್ನು ಅಪ್ಪಿಕೊಂಡಿದ್ದಾನೆ. ಇಬ್ಬರೂ ಎಂದೂ ಭೇಟಿಯಾದವರಲ್ಲ. 1622ರಲ್ಲಿ ಅಬ್ಬಾಸ್ ಕಂದಹಾರವನ್ನು ಮೊಘಲರಿಂದ ಕಿತ್ತುಕೊಂಡ.