ಅಪ್ಪನ ಟಾಕುಮಾರ್ ಲೆನ್ಸನ್ನು ಹರಾಜಿಗೆ ಹಾಕಿದ್ದು ಹೀಗೆ

ಅಪ್ಪ ಬೊಂಬಾಯಿಯಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾ ಕೆಟ್ಟು ಎಷ್ಟೋ ವರ್ಷವಾಯಿತು. ಅದರ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4 ಲೆನ್ಸ್ ಮಾತ್ರ ತೀರ್ಥಹಳ್ಳಿ ಮನೆಯ ಕಪಾಟಿನಲ್ಲಿ ಮಳೆಗಾಲದ ಮೇಲೆ ಮಳೆಗಾಲ ಕಳೆಯುತ್ತಿತ್ತು. ಹೋದ ಸಲ ಊರಿಗೆ ಹೋದಾಗ, ಇದನ್ನು ಮಾರಲಾ ಅಂತ ಅಪ್ಪನನ್ನು ಕೇಳಿದೆ. "ಇಲ್ಲಿ ಬೂಷ್ಟು ಹಿಡಿಯೋದಕ್ಕಿಂತ ಯಾರಾದ್ರೂ ಫೋಟೋ ತೆಗೀಲಿ ಮಾರಾಯ, ತಗೊಂಡು ಹೋಗು" ಅಂದರು. ಇಂಗ್ಲೆಂಡಿಗೆ ತಂದು ಈಬೇಯಲ್ಲಿ ಹರಾಜಿಗೆ ಹಾಕಿದೆ.

ಮೊದಲ ಕೆಲಸ, ಟಾರ್ಚ್ ಹಿಡಿದು ನೋಡುವುದು. ಹಿಂದೊಮ್ಮೆ ಒಂದು 135 ಎಂಎಂ ಲೆನ್ಸ್ ಮಾರುವಾಗ ಕಿಟಕಿ ಬೆಳಕಲ್ಲಿ ನೋಡಿ "ಗಾಜು ಸ್ವಚ್ಛ" ಅಂತ ಬರೆದಿದ್ದೆ. ಕೊಂಡವರು ಟಾರ್ಚ್ ಬಿಟ್ಟು ನೋಡಿದರು, ಒಳಗೆಲ್ಲ ಮಂಜು. ಪೂರ್ತಿ ಹಣ, ಮೇಲೆ ವಾಪಸ್ ಅಂಚೆ ಖರ್ಚು, ಎರಡನ್ನೂ ಕೊಟ್ಟೆ. ಅವರು ಹೇಳಿದ್ದು ಸರಿಯಾಗಿತ್ತು.

ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಸ್ವಲ್ಪ ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಯಂತೆ ಕವಲೊಡೆದಿದ್ದರೆ ಬೂಷ್ಟು. ಇಡೀ ಗಾಜು ಉಸಿರು ಬಿಟ್ಟ ಕನ್ನಡಿಯಂತೆ ಮಸುಕಾಗಿದ್ದರೆ ಮಂಜು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜುಗಳ ನಡುವಿನ ಅಂಟು ಬಿಡುತ್ತಿದೆ ಎಂದರ್ಥ. ನಾಲ್ಕಾರು ಕಣ ಧೂಳಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಪ್ಪನ ಲೆನ್ಸಿನ ಅಂಚಲ್ಲಿ ಉಗುರಿನಷ್ಟಗಲ ಬೂಷ್ಟು ಇತ್ತು. ಬಿಚ್ಚಿ ಒರೆಸಲು ಹೋಗಲಿಲ್ಲ. ಅಭ್ಯಾಸ ಇಲ್ಲದ ಕೈ ಸ್ಕ್ರೂ ಮುಟ್ಟದಿರುವುದೇ ವಾಸಿ.

ಆಮೇಲೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ. ತೆಳು ರೆಕ್ಕೆಗಳು ಅದನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಪಕ್ಕದ ಸಣ್ಣ ಸ್ವಿಚ್ಚನ್ನು 'ಎಂ'ಗೆ ತಳ್ಳಿ ರಿಂಗ್ ತಿರುಗಿಸಿದರೆ ರೆಕ್ಕೆಗಳು ಮುಚ್ಚಬೇಕು. 'ಎ'ಯಲ್ಲಿಟ್ಟರೆ ಹಿಂದಿನ ಪಿನ್ ಒತ್ತಿದಾಗ ಮಾತ್ರ ಚಟ್ಟನೆ ಮುಚ್ಚಬೇಕು. ನಿಧಾನವಾದರೆ ರೆಕ್ಕೆಗೆ ಎಣ್ಣೆ ಹತ್ತಿರಬಹುದು. ಅದನ್ನೂ ಬರೆಯಿರಿ.

ಈ ಲೆನ್ಸಿಗೆ ಇನ್ನೊಂದು ವಿಷಯವಿದೆ. ಮೊದಲ ಮಾದರಿಯಲ್ಲಿ ಎಂಟು ಗಾಜು, ಆಮೇಲಿನದರಲ್ಲಿ ಏಳು. ಎಂಟರದ್ದಕ್ಕೆ ಬೆಲೆ ಜಾಸ್ತಿ. ಅದರ ಹಿಂದಿನ ಗಾಜು ಹೊರಗೆ ಉಬ್ಬಿರುತ್ತದೆ. ಏಳರದ್ದರಲ್ಲಿ ಥೋರಿಯಂ ಬೆರೆಸಿದ ಗಾಜಿದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ನಮ್ಮದು ಬಿಳಿ ಹಾಳೆಯ ಮೇಲಿಟ್ಟರೆ ಲೈಟ್ ಟೀ ಬಣ್ಣ. ಯುವಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ. ಬಿಸಿಲಿಗೆ ಇಟ್ಟು ಮಾತ್ರ ಹೋಗಬೇಡಿ, ಭೂತಗನ್ನಡಿಯಂತೆ ಬೆಂಕಿ ಹೊತ್ತಿಸೀತು. ಥೋರಿಯಂ ಅಂದರೆ ಸ್ವಲ್ಪ ವಿಕಿರಣ ಇದ್ದೇ ಇದೆ. ಅದನ್ನು ವಿವರಣೆಯಲ್ಲಿ ಮುಚ್ಚಿಡಬೇಡಿ.

ಫೋಟೋಗೆ ಮೋಡದ ದಿನ, ಕಿಟಕಿ ಪಕ್ಕ, ಬಿಳಿ ಹಾಳೆ ಸಾಕು. ಮುಂದೆ, ಹಿಂದೆ, ಕ್ಯಾಮೆರಾಗೆ ಕೂರಿಸುವ ತಿರುಪು (ಎಂ42 ಅನ್ನುತ್ತಾರೆ), ಮುಚ್ಚಿದ ರೆಕ್ಕೆ, ಸೀರಿಯಲ್ ನಂಬರ್. ಬೂಷ್ಟಿನ ಫೋಟೋವನ್ನು ಟಾರ್ಚ್ ಬಿಟ್ಟೇ ತೆಗೆದು ಎರಡನೆಯದಾಗಿ ಹಾಕಿದೆ. ಅದನ್ನು ನೋಡಿಯೇ ಬಿಡ್ ಮಾಡಿದವರು ಬೂಷ್ಟಿದೆ ಅಂತ ವಾಪಸ್ ಕಳಿಸುವುದು ಕಡಿಮೆ. ಹಳೆ ಲೆನ್ಸನ್ನು ಈಗಿನ ಕ್ಯಾಮೆರಾಗೆ ಕೂರಿಸುವ ಅಡಾಪ್ಟರ್ ಇದ್ದರೆ ಆ ಲೆನ್ಸಿನಲ್ಲೇ ತೆಗೆದ ಒಂದು ಚಿತ್ರ ಸೇರಿಸಿ. ನಾನು ಹಿತ್ತಲಿನ ಗುಲಾಬಿ ತೆಗೆದೆ.

ಬೆಲೆಗೆ, ಜನ ಕೇಳುತ್ತಿರುವ ರೇಟ್ ನೋಡಬೇಡಿ. 'ಮಾರಾಟವಾದದ್ದು' ಎಂಬ ಫಿಲ್ಟರ್ ಹಾಕಿ, ನಿಮ್ಮದರ ಸ್ಥಿತಿಯಲ್ಲೇ ಇರುವುದು ಎಷ್ಟಕ್ಕೆ ಹೋಗಿದೆ ನೋಡಿ. ಅಷ್ಟಕ್ಕೇ ಹೋದರೂ ಬೇಜಾರಾಗದ ಮೊತ್ತದಿಂದ ಶುರು ಮಾಡಿ. ಏಳು ದಿನ ಇಟ್ಟು, ಭಾನುವಾರ ಸಂಜೆ ಮುಗಿಯುವಂತೆ ಹೊಂದಿಸಿ, ಆಗ ಜನ ಮನೆಯಲ್ಲಿರುತ್ತಾರೆ. ನಾನು 45 ಪೌಂಡಿಗೆ ಶುರು ಮಾಡಿದೆ. ಆರು ದಿನ 52ರಲ್ಲೇ ನಿಂತಿತ್ತು. ನಡುವೆ ಒಬ್ಬರು "ಹೊರಗೇ ಕೊಡಿ, 60 ಕೊಡ್ತೀನಿ" ಎಂದು ಬರೆದರು. ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಈಬೇಯ ಹೊರಗೆ ಮಾರಿದರೆ ಅದರ ಯಾವ ರಕ್ಷಣೆಯೂ ಇಲ್ಲ. ಕೊನೆಯ ಅರ್ಧ ನಿಮಿಷದಲ್ಲಿ 81ಕ್ಕೆ ಏರಿತು.

ಹಣ ಬಂದ ಮೇಲೆ ಪ್ಯಾಕಿಂಗ್. ಫೋಕಸ್ಸನ್ನು ಇನ್ಫಿನಿಟಿಗೆ (∞ ಗುರುತಿಗೆ) ತಿರುಗಿಸಿ ಗಿಡ್ಡ ಮಾಡಿ, ಎರಡೂ ಕಡೆ ಕ್ಯಾಪ್ ಹಾಕಿ, ಬಬಲ್ ರ‍್ಯಾಪ್ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಡಿ. ಅಲ್ಲಾಡಿಸಿದರೆ ಸದ್ದು ಬರಬಾರದು. ಮುಚ್ಚುವ ಮುಂಚೆ ಸೀರಿಯಲ್ ನಂಬರ್ ಕಾಣುವಂತೆ ಒಂದು ಫೋಟೋ ಇಟ್ಟುಕೊಳ್ಳಿ. ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ, ರಸೀದಿ ಎತ್ತಿಡಿ.

ಅಂಚೆ ಕಚೇರಿಯಿಂದ ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಎಷ್ಟಕ್ಕೆ ಹೋಯಿತು ಅಂತ ಕೇಳಲಿಲ್ಲ. "ಹಿಂದಿನ ಕ್ಯಾಪ್ ಸರಿ ಬಿಗಿ ಮಾಡಿದ್ಯಲ್ಲ?" ಅಂದರು.